ಬೆರಳು ಆಡ್ತಾವ, ಮುರದಿಲ್ಲ

ಮೋತಿ ಡೊಂಗರಿನಲ್ಲಿ ಮಗು ಬಿದ್ದು ಕೈಗೆ ಪೆಟ್ಟಾದರೆ ಮೊದಲು ನಡೆಯುವ ಪರೀಕ್ಷೆ ಒಂದೇ. 'ಬೆರಳು ಆಡಸು ನೋಡೂಣು.' ಮಗು ಅಳುತ್ತಲೇ ಬೆರಳು ಆಡಿಸುತ್ತದೆ. ಸುತ್ತ ನಿಂತವರು ಉಸಿರು ಬಿಡುತ್ತಾರೆ. 'ಆಡ್ತಾವ ತಗೋ, ಮುರದಿಲ್ಲ.' ಆಮೇಲೆ ಎಣ್ಣೆ, ಅರಿಸಿನ, ಕೈಗೊಂದು ಬಿಸ್ಕಿಟ್ ಪುಡಿಕೆ. ಬಾದಾಮಿ, ಹುನಗುಂದ, ರೋಣ, ಕುಷ್ಟಗಿ ಕಡೆಯಿಂದ ಬಂದವರು ಈ ಪರೀಕ್ಷೆಯನ್ನು ಗಂಟುಮೂಟೆಯ ಜೊತೆಗೇ ತಂದಿದ್ದಾರೆ. ಹಾಗಂತ ಇದು ನಮ್ಮವರ ಸ್ವಂತದ್ದೂ ಅಲ್ಲ. ಪಕ್ಕದ ಓಣಿಯ ಕೊಂಕಣಿ ಅಜ್ಜಿಯೂ ಇದನ್ನೇ ಮಾಡಿಸುತ್ತಾಳೆ, ಕಚೇರಿಯಲ್ಲಿ ಕೂತ ಪದವೀಧರರೂ ಇದನ್ನೇ ನಂಬುತ್ತಾರೆ.

ನಾನೂ ನಂಬಿದ್ದೆ. ಬರೀ ನಂಬಿಕೊಂಡು ಸುಮ್ಮನಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ನಾನು ಅದರ ಮೇಲೆ ತೀರ್ಪು ಕೊಡುತ್ತಿದ್ದೆ. ಅಂಥ ಒಂದು ತೀರ್ಪಿನಿಂದ ನನ್ನ ತಂಗಿಯ ಮಗನ ಬಲಗೈ ಮೊಣಕೈಯಿಂದ ಕೆಳಗೆ ಮೈಯ ಕಡೆಗೆ ವಾಲಿಕೊಂಡೇ ಕೂಡಿಕೊಂಡಿದೆ. ನೇರ ನಿಂತು ಎರಡೂ ಕೈ ಚಾಚಿ ಅಂಗೈ ಮುಂದೆ ಮಾಡಿದರೆ ಯಾರಿಗಾದರೂ ಕಾಣುತ್ತದೆ. ಅವನು ಹಾಗೆ ನಿಲ್ಲುವುದಿಲ್ಲ. ಶಾಲೆಯ ಫೋಟೋದಲ್ಲೂ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾನೆ.

ಮೋತಿ ಡೊಂಗರ್ ಮಡಗಾಂವ್ ಪೇಟೆಗೆ ಅಂಟಿಕೊಂಡೇ ಎದ್ದ ಗುಡ್ಡ. ಗೋವಾದ ಪತ್ರಿಕೆಗಳಲ್ಲಿ ಇದರ ಹೆಸರು ಬರುವುದು ಚುನಾವಣೆ ಬಂದಾಗ, ಇಲ್ಲವೆ ಪೊಲೀಸರು ಬಾಡಿಗೆದಾರರ ಕಾಗದ ತಪಾಸಣೆ ಮಾಡಲು ಹತ್ತಿದಾಗ. ಮಿಕ್ಕ ದಿನಗಳಲ್ಲಿ ಇಲ್ಲಿಂದ ಗೌಂಡಿಗಳು, ಹಮಾಲರು, ಮನೆಗೆಲಸದ ಹೆಂಗಸರು ಬೆಳಗಾಗುತ್ತಲೇ ಇಳಿದು ಹೋಗುತ್ತಾರೆ, ಕತ್ತಲಾದ ಮೇಲೆ ಹತ್ತಿ ಬರುತ್ತಾರೆ. ಮನೆಯ ತಲೆಯ ಮೇಲೆ ಮನೆ, ನಡುವೆ ಚಿರೇಕಲ್ಲಿನ ಮೆಟ್ಟಿಲು. ಜೂನ್ ಕಳೆಯುವುದರೊಳಗೆ ಆ ಕಲ್ಲಿನ ಮೇಲೆ ಹಸಿರು ಪಾಚಿ ಕೂತುಬಿಡುತ್ತದೆ. ಎರೆ ಭೂಮಿಯಿಂದ ಬಂದ ನಮಗೆ ಪಾಚಿ ಎಂದರೆ ಬಾವಿಯೊಳಗಿನ ಗೋಡೆಗೆ ಹತ್ತುವುದು. ಓಡಾಡುವ ದಾರಿಗೂ ಅದು ಹತ್ತುತ್ತದೆ ಎನ್ನುವುದನ್ನು ಇಲ್ಲಿಗೆ ಬಂದವರೆಲ್ಲ ಒಮ್ಮೆಯಾದರೂ ಬಿದ್ದೇ ಕಲಿಯುತ್ತಾರೆ.

ಆಗ ನಾನು ಪೇಟೆಯ ಒಂದು ಕಿರಾಣಿ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಓಣಿಯಲ್ಲಿ ನಾನೇ 'ಓದಿದಾಂವ'. ಆಧಾರ್ ತಿದ್ದುಪಡಿ, ರೇಷನ್ ಕಾರ್ಡು, ಮಕ್ಕಳ ವರ್ಗಾವಣೆ ಪತ್ರ, ಊರಿನ ಹೊಲದ ಉತಾರ ಎಲ್ಲಕ್ಕೂ ನನ್ನ ಹತ್ತಿರ ಬರುತ್ತಿದ್ದರು. ಅರ್ಜಿ ತುಂಬುವವನಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ಜನ ಹೇಗೆ ತಿಳಿದುಕೊಂಡರೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಗುಳಿಗೆ ತಂದು ತೋರಿಸುತ್ತಿದ್ದರು, ರಕ್ತದ ರಿಪೋರ್ಟು ತೋರಿಸುತ್ತಿದ್ದರು, ಮಗುವಿನ ಗಾಯ ತೋರಿಸಿ 'ಹೊಲಿಗಿ ಬೇಕೇನ್ರಿ?' ಎಂದು ಕೇಳುತ್ತಿದ್ದರು. ನನಗೆ ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಕೇಳುವವರು ಇದ್ದಾರೆ ಎನ್ನುವ ಸುಖ ದೊಡ್ಡದು.

2018ರ ಮಳೆಗಾಲ. ಹುಡುಗನಿಗೆ ಆರು ವರ್ಷ, ಒಂದನೇ ಇಯತ್ತೆ. ಸಂಜೆ ಮೆಟ್ಟಿಲು ಇಳಿದು ಓಡಿಬರುವಾಗ ಕಾಲು ಜಾರಿತು. ನೆಲಕ್ಕೆ ಮುಟ್ಟುವ ಮೊದಲು ಕೈ ಊರಿಕೊಳ್ಳಲು ನೋಡಿದ. ಬಲಗೈ ಪೂರ್ತಿ ಚಾಚಿತ್ತು, ಮೈಯ ಭಾರವೆಲ್ಲ ಅದರ ಮೇಲೆ ಬಿತ್ತು. ತಂಗಿ ಅವನನ್ನು ಎತ್ತಿಕೊಂಡು ನೇರ ನನ್ನ ಮನೆಗೆ ಬಂದಳು, ಆಸ್ಪತ್ರೆಗಲ್ಲ.

ನಾನು ನೋಡಿದ್ದನ್ನೆಲ್ಲ ಇಲ್ಲಿ ಬರೆಯುತ್ತೇನೆ, ಏಕೆಂದರೆ ನನ್ನ ಕಣ್ಣಿಗೆ ಏನೂ ಕಾಣಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಅವನು ಬಲಗೈಯನ್ನು ಮಡಚಿ ಹೊಟ್ಟೆಗೆ ಒತ್ತಿ ಹಿಡಿದಿದ್ದ, ಎಡಗೈಯಿಂದ ಅದಕ್ಕೆ ಆಸರೆ ಕೊಟ್ಟಿದ್ದ. ಮೊಣಕೈಯ ಸುತ್ತ ಬಾವು ಏರುತ್ತಿತ್ತು. ನೇರ ಮಾಡು ಎಂದರೆ ಮಾಡಲಿಲ್ಲ. ನಾನು ಹಿಡಿದು ಮಾಡಲು ಹೋದರೆ ಕಿರುಚಿದ. ಹೆದರಿದ್ದಾನೆ ಎಂದುಕೊಂಡೆ. ಆಮೇಲೆ ನಮ್ಮ ಪರೀಕ್ಷೆ ಮಾಡಿಸಿದೆ. ಐದೂ ಬೆರಳು ಆಡಿದವು, ಮುಷ್ಟಿಯನ್ನೂ ಕಟ್ಟಿದ. 'ಮುರದಿಲ್ಲವ್ವಾ, ಉಳುಕೇತಿ ಅಷ್ಟ,' ಎಂದೆ. ತಂಗಿಯ ಮುಖ ಸಡಿಲವಾಯಿತು. ಆ ಸಡಿಲಿಕೆಯನ್ನು ನೋಡಿ ನನಗೂ ನನ್ನ ಮಾತಿನ ಮೇಲೆ ಇನ್ನಷ್ಟು ನಂಬಿಕೆ ಬಂತು.

ಈಗ ಲೆಕ್ಕ ಬರೆಯುವವನ ಹಾಗೆ ಬರೆಯುತ್ತೇನೆ. ಆ ಹೊತ್ತು ನನ್ನ ತಲೆಯಲ್ಲಿ ಎಲುಬು ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಬೇರೆ ಸಂಗತಿಗಳೂ ಇದ್ದವು. ತಂಗಿ ಮೂರು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು, ಹೇಳದೆ ತಪ್ಪಿಸಿದರೆ ಒಂದು ಮನೆ ಕೈಬಿಡುವುದು ಖಂಡಿತ. ಅವಳ ಗಂಡ ಒಂದು ಕಟ್ಟಡದ ಕೆಲಸಕ್ಕೆ ಕಾಣಕೋಣದ ಕಡೆ ಹೋಗಿದ್ದ. ನನಗೆ ಮರುದಿನ ಅಂಗಡಿಯಲ್ಲಿ ತಿಂಗಳ ಲೆಕ್ಕ ಮುಗಿಸುವುದಿತ್ತು. ಹೊರಗೆ ಸುರಿಮಳೆ. ಜೊತೆಗೆ ಆ ವರ್ಷದ ದೊಡ್ಡ ಗಾಳಿಮಾತು: ಕರ್ನಾಟಕದ ಆಧಾರ್ ಇದ್ದವರಿಂದ ಸರಕಾರಿ ಆಸ್ಪತ್ರೆಯಲ್ಲಿ ದುಡ್ಡು ಹಿಡಿಯುತ್ತಾರಂತೆ.

ಗಾಳಿಮಾತಿನ ಬುಡದಲ್ಲಿ ನಿಜವಿತ್ತು. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ 2018ರ ಆರಂಭದಿಂದ ಹೊರರಾಜ್ಯದವರಿಗೆ ಶುಲ್ಕ ಹಾಕಲು ಶುರುಮಾಡಿದ್ದರು. ಗಡಿಯಾಚೆಯ ಸಿಂಧುದುರ್ಗ ಜಿಲ್ಲೆಯ ಜನ ದೋಡಾಮಾರ್ಗದಲ್ಲಿ ಇದರ ವಿರುದ್ಧ ಚಳವಳಿಗೆ ಕೂತಿದ್ದರು. ಗೋವಾ ಸರಕಾರದ ದೀನದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ 2016ರಲ್ಲಿ ಬಂದಿತ್ತು, ಅದಕ್ಕೆ ಗೋವಾದಲ್ಲಿ ಐದು ವರ್ಷ ನೆಲೆಸಿದ ದಾಖಲೆ ಬೇಕು. ತಂಗಿಯ ಮನೆಯವರು ಬಂದು ಅದಕ್ಕಿಂತ ಹೆಚ್ಚೇ ಆಗಿದ್ದರೂ ಕಾಗದ ಇರಲಿಲ್ಲ. ಬಾಡಿಗೆ ಕರಾರು ಬರೆದುಕೊಡುವ ಮಾಲೀಕರು ನಮ್ಮ ಗುಡ್ಡದಲ್ಲಿ ಅಪರೂಪ. ಆ ಅರ್ಜಿ ತುಂಬಿ ನನ್ನ ಚೀಲದಲ್ಲೇ ಇಟ್ಟುಕೊಂಡವನೂ ನಾನೇ.

ಈ ಎಲ್ಲವೂ ಸೇರಿ ನನಗೆ ಬೇಕಾದ ಉತ್ತರ ಮೊದಲೇ ಗೊತ್ತಿತ್ತು. ಬೆರಳಿನ ಪರೀಕ್ಷೆ ಆ ಉತ್ತರಕ್ಕೆ ಸಹಿ ಹಾಕಿತು. ಆಸ್ಪತ್ರೆಗೆ ಹೋಗಲು ಅನುಕೂಲವಿಲ್ಲ ಎಂದು ನಾನು ತಂಗಿಗೆ ಹೇಳಿದ್ದರೆ ಅವಳು ಹೇಗಾದರೂ ಅನುಕೂಲ ಮಾಡಿಕೊಳ್ಳುತ್ತಿದ್ದಳು. ಯಾರನ್ನೋ ಕೇಳುತ್ತಿದ್ದಳು, ಸಾಲ ತರುತ್ತಿದ್ದಳು, ಬೈದುಕೊಂಡಾದರೂ ಹೊರಡುತ್ತಿದ್ದಳು. ನಾನು ಹೋಗುವ ಅಗತ್ಯವೇ ಇಲ್ಲ ಎಂದೆ. ಅವಳಿಗೆ ಮಾಡಲು ಏನೂ ಉಳಿಯಲಿಲ್ಲ.

ಹಣವಿಲ್ಲದ ಕಾರಣಕ್ಕೆ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ ಎನ್ನುವ ಮಾತಿಗೆ ಈ ದೇಶದಲ್ಲಿ ಸುಪ್ರೀಂ ಕೋರ್ಟಿನ ಬಲವಿದೆ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲಿ ಜೀವ ಉಳಿಸುವುದು ಸರಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯನ ಕರ್ತವ್ಯ ಎಂದು ನ್ಯಾಯಾಲಯ ಹೇಳಿತು. ಜಗತ್ತಿನ ಅರ್ಜಿಗಳನ್ನೆಲ್ಲ ತುಂಬುವ ನನಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಸಂಜೆ ನೆನಪಾಗುತ್ತಿತ್ತೆ ಎನ್ನುವುದು ಬೇರೆ ಮಾತು.

ಮಾರನೆಯ ದಿನ ಮೇಲಿನ ಓಣಿಯ ಅಜ್ಜಿಯನ್ನು ಕರೆಸಿದರು. ಈ ಅಜ್ಜಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಅವಳನ್ನು ಮೂಢಳೆಂದು ತಳ್ಳಿಹಾಕಿದರೆ ಸಂಗತಿ ತಿಳಿಯುವುದಿಲ್ಲ. ಅವಳ ಕೈಗುಣ ಸುಳ್ಳಲ್ಲ. ಎರಡು ಮೂರು ವರ್ಷದ ಮಗುವನ್ನು ಕೈ ಹಿಡಿದು ಥಟ್ಟನೆ ಮೇಲೆತ್ತಿದಾಗ, ಇಲ್ಲವೆ ದಾರಿಯಲ್ಲಿ ಜಗ್ಗಿದಾಗ, ಮೊಣಕೈಯಲ್ಲಿ ಮುಂಗೈಯ ಒಂದು ಎಲುಬಿನ ತಲೆ ಅದನ್ನು ಸುತ್ತಿದ ಪಟ್ಟಿಯಿಂದ ತುಸು ಜಾರುತ್ತದೆ. ಮಗು ಕೈಯನ್ನು ಜೋತು ಬಿಟ್ಟು ಅಳುತ್ತದೆ. ಬಾವು ಇರುವುದಿಲ್ಲ. ಗೊತ್ತಿದ್ದವರು ಮುಂಗೈಯನ್ನು ತಿರುಗಿಸಿ ಮಡಚಿದರೆ ಟಕ್ ಎಂದು ಕೂಡುತ್ತದೆ, ಸ್ವಲ್ಪ ಹೊತ್ತಿಗೆಲ್ಲ ಅದೇ ಕೈಯಲ್ಲಿ ಮಗು ಚಕ್ಕುಲಿ ತಿನ್ನುತ್ತದೆ. ವೈದ್ಯರು ಮಾಡುವುದೂ ಇದನ್ನೇ. ನಮ್ಮ ಅಜ್ಜಿ ಇಂಥ ಕೈಗಳನ್ನು ವರ್ಷಗಟ್ಟಲೆ ಕೂಡಿಸಿದ್ದಾಳೆ, ಬಿಡಿಗಾಸು ತಗೊಂಡಿಲ್ಲ. ಅವಳ ಹೆಸರು ಬೆಳೆದದ್ದು ಹೀಗೆ.

ಆದರೆ ಆ ತೊಂದರೆ ಬರುವುದು ಹೆಚ್ಚಾಗಿ ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ, ಅದೂ ಕೈ ಜಗ್ಗಿದಾಗ. ಐದಾರು ವರ್ಷದ ಮಗು ಕೈ ಚಾಚಿ ಬಿದ್ದು ಮೊಣಕೈ ಬಾತರೆ ಅದು ಬೇರೆಯದೇ ಜಾತಿ. ತೋಳಿನ ಎಲುಬು ಮೊಣಕೈಯ ಸ್ವಲ್ಪ ಮೇಲೆ ತೆಳ್ಳಗಾಗುತ್ತದೆ. ಮಕ್ಕಳ ಮೊಣಕೈ ಮುರಿತಗಳಲ್ಲಿ ಅತಿ ಸಾಮಾನ್ಯವಾದದ್ದು ಅಲ್ಲಿಯದು, ಅದು ಹೆಚ್ಚಾಗಿ ಕಾಣುವುದು ಐದರಿಂದ ಏಳು ವರ್ಷದಲ್ಲಿ. ಸಣ್ಣ ಮಕ್ಕಳ ಮುರಿಯದ ಕೈಯನ್ನು ಕೂಡಿಸಿ ಗಳಿಸಿದ ವಿಶ್ವಾಸವನ್ನು ನಾವು ದೊಡ್ಡ ಮಕ್ಕಳ ಮುರಿದ ಕೈಗೂ ಖರ್ಚು ಮಾಡುತ್ತಿದ್ದೆವು.

ಅಜ್ಜಿ ಎಣ್ಣೆ ಬಿಸಿ ಮಾಡಿ ತಿಕ್ಕಿದಳು. ಹುಡುಗ ಅತ್ತ. ಮಾರನೆಯ ದಿನವೂ ತಿಕ್ಕಿದಳು. ಪೆಟ್ಟಾದ ಮೊಣಕೈಯನ್ನು ತಿಕ್ಕಬಾರದು ಎಂದು ನಮ್ಮ ದೇಶದ ಎಲುಬು ವೈದ್ಯರು ಬಾಯಿ ನೋಯುವಷ್ಟು ಹೇಳುತ್ತಾರೆ. ತಿಕ್ಕಿದರೆ ಸುತ್ತಲಿನ ಸ್ನಾಯುವಿನೊಳಗೇ ಎಲುಬು ಬೆಳೆದು ಕೀಲು ಬಿಗಿಯಾಗಿಬಿಡುವುದುಂಟು. ನಮ್ಮ ಹುಡುಗನಿಗೆ ಹಾಗಾಗಲಿಲ್ಲ. ಅದು ಅದೃಷ್ಟ, ನಮ್ಮ ಜಾಣತನವಲ್ಲ. ಇನ್ನೊಂದು ಅದೃಷ್ಟವೂ ಇತ್ತು: ಊರಿಗೆ ಕರೆದುಕೊಂಡು ಹೋಗಿ ಬಿದಿರು ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿಸಬೇಕು ಎಂದು ಬೀಗರೊಬ್ಬರು ಹೇಳಿದ್ದರು. ಮಳೆಗೆ ಘಟ್ಟದಲ್ಲಿ ರೈಲು ತಡವಾಗುತ್ತಿದ್ದ ಕಾರಣ ಹೋಗಲಿಲ್ಲ. ಬಾತ ಕೈಗೆ ಬಿಗಿ ಕಟ್ಟು ಹಾಕಿದರೆ ಒಳಗೆ ರಕ್ತ ಓಡದೆ ಮುಂಗೈಯ ಸ್ನಾಯು ಕೆಲವೇ ತಾಸಿನಲ್ಲಿ ಸಾಯತೊಡಗುತ್ತದೆ, ಬೆರಳುಗಳು ಉಗುರು ಬಾಗಿದ ಹಾಗೆ ಮುದುರಿ ಕಾಯಂ ಆಗಿಬಿಡುತ್ತವೆ. ಜರ್ಮನಿಯ ರಿಚರ್ಡ್ ಫಾನ್ ಫೋಕ್‌ಮನ್ ಇದನ್ನು 1881ರಲ್ಲೇ ಬರೆದಿಟ್ಟ. ಕಟ್ಟು ಹಾಕಿದ ಮೇಲೆ ನೋವು ಇಳಿಯುವ ಬದಲು ಏರುತ್ತಿದ್ದರೆ, ಬೆರಳು ತಣ್ಣಗಾದರೆ, ಬಿಳಿಚಿದರೆ, ಯಾರಾದರೂ ಬೆರಳನ್ನು ಮೆಲ್ಲಗೆ ನೇರ ಮಾಡಿದರೂ ಮಗು ಚೀರಿದರೆ, ಅದು ನಾಳೆ ಬೆಳಗಿನವರೆಗೆ ಕಾಯುವ ಮಾತಲ್ಲ. ಆ ಕಟ್ಟನ್ನು ಯಾರೇ ಕಟ್ಟಿರಲಿ.

ದಿನ ಕಳೆದ ಹಾಗೆ ಹುಡುಗನ ನೋವು ಕಡಿಮೆಯಾಯಿತು. ಇದೇ ನಮ್ಮನ್ನು ಪೂರ್ತಿ ಕುರುಡು ಮಾಡಿದ್ದು. 'ನೋಡು, ಕಡಿಮಿ ಆತು' ಎಂದು ನಾನು ಹೇಳಿಕೊಂಡು ತಿರುಗಿದೆ. ಮಕ್ಕಳ ಎಲುಬು ಬೇಗ ಕೂಡುತ್ತದೆ, ಸರಿಯಾಗಿ ಕೂತಿದ್ದರೂ ಕೂಡುತ್ತದೆ, ಸೊಟ್ಟ ಕೂತಿದ್ದರೂ ಕೂಡುತ್ತದೆ. ಒಂದೆರಡು ವಾರಕ್ಕೆ ನೋವು ಇಳಿದೇ ಇಳಿಯುತ್ತದೆ. ಆಮೇಲೆ ಅದನ್ನು ಸುಮ್ಮನೆ ಎಳೆದು ಕೂರಿಸಲು ಬರುವುದಿಲ್ಲ.

ಕಂಡುಹಿಡಿದದ್ದು ಅವನ ಶಾಲೆಯ ಬಾಯಿ, ಅಂದರೆ ಟೀಚರು. ಬಲಗೈಯಲ್ಲಿ ಬರೆಯುತ್ತಿದ್ದವನು ಎಡಗೈಯಲ್ಲಿ ಪಾಟಿ ಹಿಡಿದು ಗೀಚುತ್ತಿದ್ದಾನೆ, ಡಬ್ಬಿಯನ್ನು ಹಲ್ಲಿನಿಂದ ತೆಗೆಯುತ್ತಿದ್ದಾನೆ ಎಂದು ತಂಗಿಗೆ ಹೇಳಿ ಕಳಿಸಿದರು. ವೈದ್ಯಕೀಯ ಓದದ ಆ ಹೆಣ್ಣುಮಗಳು ಮಗುವನ್ನು ನೋಡಿದ್ದಳು. ನಾನು ಕೈಯನ್ನು ಮಾತ್ರ ನೋಡಿದ್ದೆ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಲಗೆಗೆ ಸಿಕ್ಕಿಸಿದ ತರುಣ ವೈದ್ಯ ಮೊದಲು ಕೇಳಿದ್ದು ಯಾವಾಗ ಬಿದ್ದದ್ದು ಎಂದು. ತಂಗಿ ನನ್ನ ಮುಖ ನೋಡಿದಳು. ಉತ್ತರ ಕೇಳಿದ ಮೇಲೆ ಆತ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹುಡುಗನ ಮುಂದೆ ಕೂತು ಕಲ್ಲು-ಕಾಗದ-ಕತ್ತರಿ ಆಡಿದ. ಹುಡುಗನಿಗೆ ಖುಷಿ. ಮುಷ್ಟಿ ಕಟ್ಟಿದರೆ ಒಂದು ನರ, ಅಂಗೈ ಬಿಡಿಸಿದರೆ ಇನ್ನೊಂದು, ಕತ್ತರಿ ಮಾಡಿದರೆ ಮತ್ತೊಂದು. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ ಮೊದಲಿನದರ ಒಂದು ಕವಲು. ನರಗಳೆಲ್ಲ ಸರಿ ಇವೆ ಎಂದ.

ಆಗ ನನ್ನ ಪರೀಕ್ಷೆಯ ಬೆಲೆ ನನಗೆ ತಿಳಿಯಿತು. ಬೆರಳು ಆಡಿಸುವುದರಿಂದ ತಿಳಿಯುವುದು ನರ ಮತ್ತು ಸ್ನಾಯುವಿನ ಸುದ್ದಿ. ಬೆರಳನ್ನು ಎಳೆಯುವ ಸ್ನಾಯುಗಳು ಮುಂಗೈಯಲ್ಲಿವೆ. ಮೊಣಕೈಯ ಮೇಲೆ ಎಲುಬು ಸೀಳಿದರೂ ಅವು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ವೈದ್ಯನೂ ಬೆರಳು ಆಡಿಸಿಯೇ ನೋಡುತ್ತಾನೆ, ಆದರೆ ಎಲುಬು ಮುರಿದಿದೆ ಎಂದು ಎಕ್ಸ್‌ರೇಯಲ್ಲಿ ಕಂಡ ಮೇಲೂ ನೋಡುತ್ತಾನೆ.

'ಉಳುಕು' ಎಂದದ್ದೂ ತಪ್ಪೇ. ಬೆಳೆಯುವ ಮಕ್ಕಳಲ್ಲಿ ಎಲುಬಿನ ತುದಿಗೆ ಮೆತ್ತನೆಯ ಬೆಳವಣಿಗೆಯ ಪದರವಿರುತ್ತದೆ. ಕೀಲನ್ನು ಬಿಗಿದಿಟ್ಟ ಪಟ್ಟಿಗಳಿಗಿಂತ ಅದು ದುರ್ಬಲ. ದೊಡ್ಡವರಿಗೆ ಪಟ್ಟಿ ಹರಿದು ಉಳುಕಾಗುವ ಕಡೆ ಮಕ್ಕಳಿಗೆ ಆ ಪದರವೇ ಬಿರುಕು ಬಿಡಬಹುದು. ನಮ್ಮ ಕಾಲಿನ ಅನುಭವವನ್ನು ಅವರ ಕೈಗೆ ಹಚ್ಚಿದರೆ ಲೆಕ್ಕ ತಪ್ಪುತ್ತದೆ.

ಇನ್ನು 'ಮಕ್ಕಳ ಎಲುಬು ತಾನ ನೆಟ್ಟಗ ಆಕ್ಕೇತಿ' ಎಂಬ ಸಮಾಧಾನ. ಇದು ಅರ್ಧ ನಿಜ, ಅದಕ್ಕೇ ಅಪಾಯ. ತೋಳಿನ ಎಲುಬಿನ ಉದ್ದದಲ್ಲಿ ನೂರಕ್ಕೆ ಎಂಬತ್ತರಷ್ಟು ಬೆಳೆಯುವುದು ಭುಜದ ತುದಿಯಿಂದ, ಮೊಣಕೈ ತುದಿಯಿಂದ ಇಪ್ಪತ್ತರಷ್ಟು ಮಾತ್ರ. ಭುಜದ ಹತ್ತಿರ ಸೊಟ್ಟ ಕೂಡಿದ ಎಲುಬು ಬೆಳೆಯುತ್ತ ಬೆಳೆಯುತ್ತ ನೇರವಾಗುವುದನ್ನು ವೈದ್ಯರೇ ಕಾದು ನೋಡುತ್ತಾರೆ. ಮೊಣಕೈಯ ಹತ್ತಿರ, ಅದರಲ್ಲೂ ಪಕ್ಕಕ್ಕೆ ವಾಲಿ ಕೂಡಿದ್ದು, ಹಾಗೆ ತಿದ್ದಿಕೊಳ್ಳುವುದಿಲ್ಲ. ಊರಲ್ಲಿ ಯಾರದೋ ಮಗನ ಕೈ ತಾನೇ ನೆಟ್ಟಗಾದ ಕತೆಯನ್ನು ನಾನೂ ಹೇಳುತ್ತಿದ್ದೆ. ಅವನ ಎಲುಬು ಎಲ್ಲಿ ಮುರಿದಿತ್ತು ಎಂದು ಯಾರೂ ಕೇಳಿರಲಿಲ್ಲ.

ಕೂಡಿ ಆಗಿದ್ದನ್ನು ಈಗ ಕೆದಕುವುದು ಬೇಡ, ಚಲನೆ ಚೆನ್ನಾಗಿ ಬರುತ್ತದೆ, ಮುಂದೆ ಬೇಕೆನಿಸಿದರೆ ಎಲುಬು ಕತ್ತರಿಸಿ ನೇರ ಕೂರಿಸುವ ಶಸ್ತ್ರಚಿಕಿತ್ಸೆ ಇದೆ ಎಂದು ವೈದ್ಯ ಹೇಳಿದ. ಮೊದಲ ದಿನವೇ ಬಂದಿದ್ದರೆ? ಮತ್ತು ಬರಿಸಿ ಎಳೆದು ಕೂರಿಸಿ, ಎರಡು ತಂತಿ ಹಾಕಿ, ಕೆಲವು ವಾರದಲ್ಲಿ ತೆಗೆದುಬಿಡುತ್ತಿದ್ದೆವು ಎಂದ. ಕೇಳಬಾರದಿತ್ತು, ಕೇಳಿದೆ.

ಆಮೇಲೆ ಓದತೊಡಗಿದೆ. ಓದಿದವನೆಂಬ ಹೆಸರು ಹೊತ್ತವನು ಆಗಲಾದರೂ ಓದಬೇಕಲ್ಲ. 2008ರಲ್ಲಿ ಇಂಗ್ಲೆಂಡಿನ ನೈಋತ್ಯ ಭಾಗದ ಐದು ತುರ್ತು ವಿಭಾಗಗಳಲ್ಲಿ ನಡೆದ ಒಂದು ಅಧ್ಯಯನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮೊಣಕೈಗೆ ಪೆಟ್ಟಾಗಿ ಬಂದ 1,740 ಜನರಿಗೆ ಒಂದೇ ಮಾತು ಹೇಳಿದರು: ಕೈ ಪೂರ್ತಿ ಚಾಚಿ. 602 ಮಂದಿ ಚಾಚಿದರು. ಅವರಲ್ಲಿ ಮುರಿತ ಸಿಕ್ಕಿದ್ದು 17 ಮಂದಿಗೆ. ಚಾಚಲಾಗದ 1,138 ಮಂದಿಯಲ್ಲಿ 521 ಮಂದಿಗೆ ಎಲುಬು ಮುರಿದಿತ್ತು, ಅಂದರೆ ಹತ್ತಿರ ಹತ್ತಿರ ಅರ್ಧ. ಮಕ್ಕಳಲ್ಲಿ ಈ ಪರೀಕ್ಷೆ ದೊಡ್ಡವರಲ್ಲಿ ಇದ್ದಷ್ಟು ಗಟ್ಟಿಯಲ್ಲ, ಚಾಚಿದ ಮಗುವಿಗೂ ಒಮ್ಮೊಮ್ಮೆ ಮುರಿತವಿರುತ್ತದೆ, ಅದಕ್ಕೇ ವಾರದೊಳಗೆ ಕೈ ಮೊದಲಿನಂತಾಗದಿದ್ದರೆ ತೋರಿಸಲೇಬೇಕು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಎದುರೇ ಹುಡುಗ ಆ ಪರೀಕ್ಷೆಗೆ ಉತ್ತರ ಕೊಟ್ಟಿದ್ದ. ನೇರ ಮಾಡು ಎಂದಿದ್ದೆ, ಅವನು ಮಾಡಿರಲಿಲ್ಲ. ಸರಿಯಾದ ಪ್ರಶ್ನೆ ಆಕಸ್ಮಿಕವಾಗಿ ನನ್ನ ಬಾಯಿಂದ ಬಂದಿತ್ತು, ಉತ್ತರವೂ ಬಂದಿತ್ತು. ಅದು ನನಗೆ ಬೇಕಾದ ಉತ್ತರವಾಗಿರಲಿಲ್ಲ, ಹಾಗಾಗಿ ಇನ್ನೊಂದು ಪರೀಕ್ಷೆ ಮಾಡಿದೆ.

ಎಲ್ಲ ಬೀಳುವಿಕೆಗೂ ಆಸ್ಪತ್ರೆಗೆ ಓಡಿ ಎಂದು ನಾನು ಹೇಳುತ್ತಿಲ್ಲ. ದಿನಗೂಲಿಯವರಿಗೆ ಹಾಗೆ ಹೇಳುವವರು ದಿನಗೂಲಿ ಮಾಡಿರುವುದಿಲ್ಲ. ಮಂಡಿ ತರಚಿದರೆ ನಲ್ಲಿಯ ಕೆಳಗೆ ಸಾಬೂನಿನಿಂದ ತೊಳೆದರೆ ಸಾಕು. ಬಿದ್ದು ಅತ್ತು, ಸ್ವಲ್ಪ ಹೊತ್ತಿನ ಮೇಲೆ ಎಂದಿನ ಹಾಗೆ ಆಡತೊಡಗಿದ ಮಗುವನ್ನು ಮನೆಯಲ್ಲೇ ಇಟ್ಟು ಗಮನಿಸಬಹುದು. ಗಮನಿಸುವುದೆಂದರೆ ಬಳಸುವ ಕೈಯನ್ನು, ಊರುವ ಕಾಲನ್ನು ನೋಡುವುದು. ಮಗು ನಿನ್ನೆ ಮಾಡುತ್ತಿದ್ದ ಏನನ್ನು ಇವತ್ತು ಮಾಡುತ್ತಿಲ್ಲ ಎಂದು ನೋಡುವುದು. ಕಾಲು ಊರದೆ ಕುಂಟುವ, ಕೈ ಎತ್ತದೆ ಊಟ ಮಾಡುವ ಮಗುವಿಗೆ ಎಕ್ಸ್‌ರೇ ಬೇಕು. ಬಾವು ಎಷ್ಟಿದೆ ಎಂಬ ಚರ್ಚೆ ಆಮೇಲೆ. ನಾಯಿ ಕಚ್ಚಿದರೆ ಗಾಯ ಎಷ್ಟೇ ಸಣ್ಣದಿರಲಿ, ಕಾಲು ತಾಸು ಸಾಬೂನು ನೀರಿನಲ್ಲಿ ತೊಳೆದು ಹೊರಡುವುದೇ, ಅಲ್ಲಿ ಯೋಚನೆಗೆ ಜಾಗವಿಲ್ಲ. ಮಗು ಗುಂಡಿಯಂಥ ಬ್ಯಾಟರಿ ನುಂಗಿದ್ದರೆ ಕೂಡಲೇ ಹೊರಡಿ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ತಾಸಿನಲ್ಲೇ ಅನ್ನನಾಳ ಸುಡತೊಡಗುತ್ತದೆ.

ತಲೆಯ ವಿಷಯದಲ್ಲಿ ನಮ್ಮ ಓಣಿಯ ನಂಬಿಕೆಗಳು ಕೈಯದಕ್ಕಿಂತ ಗೋಜಲು. ಬುಗುಟಿ ಎದ್ದರೆ ಒಳ್ಳೆಯದು, ಪೆಟ್ಟು ಹೊರಗೆ ಬಂತು ಎನ್ನುತ್ತಾರೆ. ಪೆಟ್ಟು ಬಿದ್ದ ಮಗುವನ್ನು ಮಲಗಿಸಲೇಬಾರದು ಎನ್ನುತ್ತಾರೆ. ಉತ್ತರ ಅಮೆರಿಕದ 25 ತುರ್ತು ವಿಭಾಗಗಳಲ್ಲಿ ತಲೆಗೆ ಪೆಟ್ಟಾದ 42,412 ಮಕ್ಕಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎರಡು ವರ್ಷದೊಳಗಿನ ಮಗುವಿನ ಬುಗುಟಿ ಹಣೆಯ ಮೇಲಿದ್ದರೆ ಹೆಚ್ಚು ಚಿಂತೆಯಿಲ್ಲ, ಆದರೆ ತಲೆಯ ಪಕ್ಕಕ್ಕೋ ಹಿಂದಕ್ಕೋ ಇದ್ದರೆ ಅದೊಂದು ಎಚ್ಚರಿಕೆಯ ಗುರುತು. ಇಷ್ಟು ಚಿಕ್ಕ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೂ ಎಚ್ಚರಿಕೆಯೇ. ದೊಡ್ಡ ಮಕ್ಕಳಿಗೆ ಐದು ಅಡಿ. ಎಚ್ಚರ ತಪ್ಪಿದ್ದು, ದೊಡ್ಡ ಮಕ್ಕಳಲ್ಲಿ ವಾಂತಿ, ಜೋರು ತಲೆನೋವು, ಎಬ್ಬಿಸಿದರೂ ಮಂಕಾಗಿರುವುದು ಇವೂ ಆ ಪಟ್ಟಿಯಲ್ಲಿವೆ. ಚಿಕ್ಕ ಮಗುವಿನ ಪಟ್ಟಿಯಲ್ಲಿ ಇನ್ನೊಂದು ಗುರುತಿದೆ, ನನಗೆ ಬಹಳ ಮೆಚ್ಚುಗೆಯಾದದ್ದು: ಮಗು ಎಂದಿನ ಹಾಗಿಲ್ಲ ಎಂದು ಹೆತ್ತವರಿಗೆ ಅನಿಸುವುದು. ತಾಯಿಯ ಅನಿಸಿಕೆಯನ್ನು ವಿಜ್ಞಾನ ಲೆಕ್ಕಕ್ಕೆ ಹಿಡಿದಿದೆ. ಓಣಿಯ ಓದಿದವನು ಹಿಡಿದಿರಲಿಲ್ಲ. ಇನ್ನು ನಿದ್ದೆ: ಮಲಗುವ ಹೊತ್ತಿಗೆ ಮಗು ಮಲಗಿದರೆ ತಪ್ಪಿಲ್ಲ, ಎಬ್ಬಿಸಿದರೆ ಸರಿಯಾಗಿ ಏಳಬೇಕು ಅಷ್ಟೇ.

ಜನ ಈಗಲೂ ನನ್ನನ್ನು ಕೇಳುತ್ತಾರೆ, ಅದೇ ಆಶ್ಚರ್ಯ. ತಂಗಿಯ ಮಗನ ಕೈ ಎಲ್ಲರಿಗೂ ಕಾಣುತ್ತದೆ, ಯಾರ ಮಾತಿನಿಂದ ಹಾಗಾಯಿತೆಂದೂ ಗೊತ್ತು, ಆದರೂ ಕೇಳುತ್ತಾರೆ. ಒಮ್ಮೆ ಕೆಳಗಿನ ಮನೆಯ ಎಂಟು ತಿಂಗಳ ಕೂಸು ಮಂಚದಿಂದ ಉರುಳಿ ಕಿವಿಯ ಮೇಲೆ ಬುಗುಟಿ ಎದ್ದಿತು. ಹೊರಡಿ ಎಂದೆ. ಅಪ್ಪ ಹಮಾಲಿ ಬಿಟ್ಟು ಹೋದ, ರಾತ್ರಿಯೆಲ್ಲ ಇಟ್ಟುಕೊಂಡರು, ಏನೂ ಆಗಿರಲಿಲ್ಲ. ಮರಳಿ ಬಂದವನು ನನಗೆ ಕೇಳುವ ಹಾಗೆ 'ಸುಮ್ನ ಒಂದಿನದ ಪಗಾರ ಹೋತು' ಎಂದ. ಅವನ ಸಿಟ್ಟು ನ್ಯಾಯವಾದದ್ದೇ. ಆ ಪಗಾರ ಅವನಿಗೆ ನಿಜವಾದ ನಷ್ಟ. ಆದರೂ ಇನ್ನೊಮ್ಮೆ ಹಾಗೇ ಆದರೆ ಹಾಗೇ ಹೇಳುತ್ತೇನೆ, ಅವನು ಇನ್ನೊಮ್ಮೆ ಬೈಯಲಿ.

ಆ ಕೂಸಿನ ಅಪ್ಪನ ಮಾತಿನಿಂದ ಒಂದು ಸಂಗತಿ ನಿಚ್ಚಳವಾಯಿತು. ಹೋಗಿ ಎಂದು ಹೇಳುವುದು ಸುಲಭ, ಬೇಡ ಎಂದು ಹೇಳುವುದೂ ಸುಲಭ. ಎರಡರಲ್ಲೂ ಹೇಳುವವನಿಗೆ ಖರ್ಚಿಲ್ಲ. ಈಗ ನಾನು ಎಲುಬಿನ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದೇನೆ. ಕೇಳಲು ಬಂದವರಿಗೆ ನಾನೇ ಮರುಪ್ರಶ್ನೆ ಹಾಕುತ್ತೇನೆ: ಆಸ್ಪತ್ರೆ ಮನೆಯ ಪಕ್ಕದಲ್ಲಿದ್ದು, ಬಿಟ್ಟಿಯಾಗಿದ್ದು, ನಾಳೆ ರಜೆ ಇದ್ದಿದ್ದರೆ ತೋರಿಸುತ್ತಿದ್ದಿರಾ? ಹತ್ತರಲ್ಲಿ ಎಂಟು ಜನ ತಡಮಾಡದೆ ಹೂಂ ಅನ್ನುತ್ತಾರೆ. ಹಾಗಾದರೆ ಕಾಯಿಲೆಯ ನಿರ್ಧಾರ ಅವರೇ ಮಾಡಿಯಾಯಿತು. ಉಳಿದದ್ದು ರಿಕ್ಷಾ, ರಜೆ, ಕಾಗದ, ಭಾಷೆ. ಅದು ನಮ್ಮಂಥವರಿಗೆ ಗೊತ್ತಿರುವ ಕೆಲಸ.

ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಬಲಗೈಯಲ್ಲೇ ಬರೆಯುತ್ತಾನೆ, ಬೌಲಿಂಗ್ ಮಾಡುತ್ತಾನೆ, ಭಾರ ಎತ್ತುತ್ತಾನೆ. ಶಸ್ತ್ರಚಿಕಿತ್ಸೆ ಮಾಡಿಸೋಣ ಎಂದು ತಂಗಿ, ಬೇಡ ಎಂದು ಅವನು. ನನ್ನ ಅಭಿಪ್ರಾಯ ಇಬ್ಬರೂ ಕೇಳಿಲ್ಲ, ನಾನೂ ಹೇಳಿಲ್ಲ.

ವಾಸ್ಕೊದ ಬಾಯಣಾದಲ್ಲಿರಲಿ, ಝುವಾರಿನಗರದಲ್ಲಿರಲಿ, ಬೆಂಗಳೂರಿನ ಶೆಡ್ಡುಗಳಲ್ಲಿರಲಿ, ನಿಮ್ಮ ಓಣಿಯಲ್ಲಿ ಜನ ಮಗುವನ್ನು ಎತ್ತಿಕೊಂಡು ನಿಮ್ಮ ಬಾಗಿಲಿಗೆ ಬರುತ್ತಾರೆ ಎಂದಾದರೆ ನಿಮ್ಮಲ್ಲಿ ಒಂದು ವಿನಂತಿ. ಬೆರಳು ಆಡಿಸಲು ಹೇಳಬೇಡಿ. ಕೈಯನ್ನು ಇದ್ದ ಹಾಗೆಯೇ ಒಂದು ಓಢಣಿಯಲ್ಲಿ ಕೊರಳಿಗೆ ತೂಗುಹಾಕಿ, ತಿಕ್ಕಲು ಯಾರಿಗೂ ಬಿಡಬೇಡಿ, ತಾಯಿ ಕೆಲಸ ಮಾಡುವ ಮನೆಗೆ ನೀವೇ ಫೋನು ಮಾಡಿ. ತೀರ ಜೋರಾಗಿದ್ದರೆ 108 ಒತ್ತಿ. 2008ರಿಂದ ಗೋವಾದಲ್ಲೂ ಕರ್ನಾಟಕದಲ್ಲೂ ಆ ಗಾಡಿಗೆ ದುಡ್ಡಿಲ್ಲ, ಅದು ಯಾರ ಆಧಾರನ್ನೂ ಕೇಳಿ ಹತ್ತಿಸಿಕೊಳ್ಳುವುದಿಲ್ಲ. ಆಗುವುದಾದರೆ ಜೊತೆಗೆ ಹೋಗಿ, ಚೀಟಿ ಮಾಡಿಸುವ ಸಾಲಿನಲ್ಲಿ ನೀವು ನಿಂತುಕೊಳ್ಳಿ. ಆ ದಿನದ ಪಗಾರದಲ್ಲಿ ಅರ್ಧವನ್ನಾದರೂ ನಿಮ್ಮ ಕಿಸೆಯಿಂದ ಕೊಡಿ.